ಪಾಳಿ ಮುಗಿದ ಮೇಲೂ ನಕ್ಷೆಯಲ್ಲಿ ಉಳಿದ ಚುಕ್ಕೆ

ಲಿಫ್ಟ್‌ಗಳ ದುರಸ್ತಿ ಮತ್ತು ನಿರ್ವಹಣೆ ಮಾಡುವ ಸಂಸ್ಥೆಯೊಂದರ ಸೇವಾ ವಿಭಾಗದಲ್ಲಿ ನಾನು ಮೇಲ್ವಿಚಾರಕನಾಗಿದ್ದೇನೆ. ನಮ್ಮ ತಂಡದಲ್ಲಿ ಇಪ್ಪತ್ತಾರು ಜನ ತಂತ್ರಜ್ಞರಿದ್ದಾರೆ. ಅವರೆಲ್ಲರ ಮೊಬೈಲಿಗೂ ಲೊಕೇಶನ್ ಟ್ರ್ಯಾಕಿಂಗ್ ಆ್ಯಪ್ ಹಾಕಿಸಿದವನು ನಾನೇ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದಾರೆ ಎಂಬ ಕರೆ ಬಂದಾಗ, ಆ ಕಟ್ಟಡಕ್ಕೆ ಹತ್ತಿರದಲ್ಲಿ ಯಾವ ತಂತ್ರಜ್ಞರಿದ್ದಾರೆ ಎಂಬುದು ತಕ್ಷಣ ಗೊತ್ತಾಗಬೇಕು. ಅದಕ್ಕೆ ಮೊದಲು ನಾವು ಒಬ್ಬೊಬ್ಬರಿಗೂ ಫೋನ್ ಮಾಡಿ ಎಲ್ಲಿದ್ದೀರಿ ಎಂದು ವಿಚಾರಿಸುತ್ತಿದ್ದೆವು. ಒಳಗೆ ಸಿಕ್ಕಿಕೊಂಡವರಿಗೆ ಒಂದೊಂದು ನಿಮಿಷವೂ ಭಾರವಾಗಿರುವಾಗ ನಮ್ಮ ಹತ್ತು ನಿಮಿಷಗಳು ಹೀಗೆಯೇ ಕಳೆದುಹೋಗುತ್ತಿದ್ದವು. ಆ ಅಗತ್ಯ ನಿಜವಾದದ್ದು ಎಂದು ಈಗಲೂ ನಂಬಿದ್ದೇನೆ. ನಾನು ಎಡವಿದ್ದು ಬೇರೆ ಕಡೆ.

ಆ್ಯಪ್ ನಮ್ಮ ಕೈಗೆ ಬಂದಾಗ ಎರಡು ನಿಮಿಷಕ್ಕೊಮ್ಮೆ ಪ್ರತಿ ಫೋನಿನ ಸ್ಥಳವನ್ನು ದಾಖಲಿಸುವಂತೆ ಹೊಂದಿಸಲಾಗಿತ್ತು. ಪಾಳಿಯ ವೇಳೆ, ರಜೆ, ರಾತ್ರಿ ಎಂಬ ಭೇದ ಅದಕ್ಕಿರಲಿಲ್ಲ. ಆ ಹೊಂದಿಕೆಯನ್ನು ಬದಲಾಯಿಸುವ ಅಧಿಕಾರ ನನ್ನ ಲಾಗಿನ್‌ಗೆ ಇತ್ತು, ಆದರೂ ಸೆಟ್ಟಿಂಗ್ಸ್ ಪುಟವನ್ನು ನಾನು ಒಮ್ಮೆಯೂ ಪೂರ್ತಿಯಾಗಿ ಓದಲಿಲ್ಲ. ತಂತ್ರಜ್ಞರಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು, ಎಲ್ಲರೂ ಅದೇ ದಿನ ಸಹಿ ಮಾಡಿದರು, ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡೆ. ಸಹಿ ಹಾಕುವುದಿಲ್ಲ ಎಂದರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರವೂ ಇರಲಿಲ್ಲ.

ಮೊದಲ ಪೆಟ್ಟು ಹಾಜರಾತಿಯ ಮೂಲಕ ಬಂತು. ಹಿರಿಯ ತಂತ್ರಜ್ಞರೊಬ್ಬರು ಒಂದು ಮಧ್ಯಾಹ್ನ ಎರಡೂವರೆ ಗಂಟೆ ಕಾಲ ಕೆಲಸದ ಕಟ್ಟಡದಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದರು ಎಂದು ನಕ್ಷೆ ತೋರಿಸಿತು. ನಕ್ಷೆಯನ್ನು ನಂಬಿ ಅವರ ಅರ್ಧ ದಿನದ ವೇತನ ಕಡಿತಕ್ಕೆ ನಾನು ಶಿಫಾರಸು ಮಾಡಿದೆ. ಅವರು ಜಗಳಕ್ಕೆ ಬರಲಿಲ್ಲ. ಮರುದಿನ ನನ್ನನ್ನು ಅದೇ ಕಟ್ಟಡದ ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಲಿಫ್ಟಿನ ತಳದಲ್ಲಿರುವ ಹಳ್ಳದ ಬಳಿ ನಿಲ್ಲಿಸಿ, "ನಿಮ್ಮ ಫೋನನ್ನೇ ತೆಗೆದು ನೋಡಿ ಸರ್" ಎಂದರು. ನನ್ನ ಫೋನಿನ ನಕ್ಷೆಯಲ್ಲಿ ಚುಕ್ಕೆ ಮೊದಲು ರಸ್ತೆಯ ಆಚೆಗೆ ಜಿಗಿಯಿತು, ಆಮೇಲೆ ಎಲ್ಲೋ ದೂರದ ಬೀದಿಯೊಂದರಲ್ಲಿ ಹೋಗಿ ನಿಂತಿತು. ನಾನು ಮಾತ್ರ ಗ್ರೀಸ್ ಮೆತ್ತಿದ ಆ ಗೋಡೆಗೆ ಒರಗಿಕೊಂಡು ನಿಂತಲ್ಲೇ ನಿಂತಿದ್ದೆ.

ಆ ದಿನ ಸಂಜೆ ಕುಳಿತು, ಫೋನ್ ತಾನಿರುವ ಜಾಗವನ್ನು ಹೇಗೆ ಕಂಡುಕೊಳ್ಳುತ್ತದೆ ಎಂದು ಮೊದಲ ಬಾರಿಗೆ ಓದಿದೆ. ತೆರೆದ ಆಕಾಶದ ಕೆಳಗೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಮಾನ್ಯ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು 5 ಮೀಟರ್ ವ್ಯಾಪ್ತಿಯೊಳಗೆ ನಿಖರವಾಗಿರುತ್ತದೆ. ಕಾಂಕ್ರೀಟಿನ ಒಳಗೆ ಆ ಸಂಕೇತ ತಲುಪದಿದ್ದಾಗ ಫೋನ್ ಸುತ್ತಲಿನ ವೈಫೈಯನ್ನೂ ಮೊಬೈಲ್ ಟವರ್‌ಗಳನ್ನೂ ಆಧರಿಸಿ ಅಂದಾಜು ಮಾಡುತ್ತದೆ, ಟವರ್ ಒಂದನ್ನೇ ನೆಚ್ಚಿಕೊಂಡ ಅಂದಾಜು ನೂರಾರು ಮೀಟರ್‌ಗಳಿಂದ ಕಿಲೋಮೀಟರ್‌ಗಳವರೆಗೂ ತಪ್ಪಬಹುದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದಿದೆ. ಆಂಡ್ರಾಯ್ಡ್ ಫೋನ್ ಪ್ರತಿ ಸ್ಥಳದ ಜೊತೆಗೆ ಒಂದು ನಿಖರತೆಯ ತ್ರಿಜ್ಯವನ್ನೂ ಕೊಡುತ್ತದೆ. ಫೋನ್ ಆ ವೃತ್ತದೊಳಗೆ ಇರುವ ಸಾಧ್ಯತೆ 68 ಪ್ರತಿಶತ ಎಂಬುದು ಅದರ ಅರ್ಥ. ಅಂದರೆ ಸುಮಾರು ಮೂರರಲ್ಲಿ ಒಂದು ಸಲ ಮನುಷ್ಯ ಆ ವೃತ್ತದ ಹೊರಗೇ ಇರಬಹುದು ಎಂದು ಫೋನೇ ಒಪ್ಪಿಕೊಂಡಿರುತ್ತದೆ. ನಮ್ಮ ಡ್ಯಾಶ್‌ಬೋರ್ಡ್ ಮಾತ್ರ ಆ ವೃತ್ತವನ್ನು ಅಳಿಸಿ, ನಡುವಿನ ಚುಕ್ಕೆಯನ್ನಷ್ಟೇ ನನಗೆ ತೋರಿಸುತ್ತಿತ್ತು. ಅನುಮಾನದಿಂದ ಕೂಡಿದ ಒಂದು ಅಂದಾಜನ್ನು ನಾನು ಸಾಕ್ಷಿಯೆಂದು ತಿಳಿದು ಒಬ್ಬರ ಸಂಬಳಕ್ಕೆ ಕೈಹಾಕಿದ್ದೆ. ಕಡಿತವನ್ನು ರದ್ದು ಮಾಡಿಸಿ ಅವರ ಬಳಿ ಕ್ಷಮೆ ಕೇಳಿದೆ.

ಇಷ್ಟಾದ ಮೇಲೂ ನನಗೆ ಸಮಸ್ಯೆಯ ಅರ್ಧ ಭಾಗವಷ್ಟೇ ತಿಳಿದಿತ್ತು. ನಿಖರತೆಯೊಂದು ಸರಿಯಾದರೆ ಎಲ್ಲವೂ ಸರಿಯಾಗುತ್ತದೆ ಎಂದೇ ಭಾವಿಸಿದ್ದೆ. ಕೆಲವು ವಾರಗಳ ನಂತರ ನಮ್ಮ ತಂಡದ ಕಿರಿಯ ತಂತ್ರಜ್ಞೆಯೊಬ್ಬರು ಪಾಳಿ ಮುಗಿಸಿ ಹೊರಡುವ ಮುನ್ನ ನನ್ನ ಮೇಜಿನ ಬಳಿ ಬಂದು ನಿಂತು, "ಸರ್, ರಾತ್ರಿ ನನ್ನ ಫೋನ್ ಎಲ್ಲಿದೆ ಅನ್ನೋದು ಯಾರ್ಯಾರಿಗೆ ಕಾಣಿಸುತ್ತೆ?" ಎಂದು ಕೇಳಿದರು. ನನಗೊಬ್ಬನಿಗೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಖಚಿತಪಡಿಸಿಕೊಳ್ಳದೆ ಹೇಳಬಾರದು ಎನಿಸಿ, ನಾಳೆ ತಿಳಿಸುತ್ತೇನೆ ಎಂದೆ.

ಬಳಕೆದಾರರ ಪಟ್ಟಿ ತೆರೆದಾಗ ಅದರಲ್ಲಿ ಹನ್ನೊಂದು ಹೆಸರುಗಳಿದ್ದವು. ಲೆಕ್ಕಪತ್ರ ವಿಭಾಗದವರು, ಬಿಡಿಭಾಗಗಳ ದಾಸ್ತಾನು ನೋಡಿಕೊಳ್ಳುವವರು, ಒಮ್ಮೆ ಯಾವುದೋ ವರದಿ ತೆಗೆಯಲು ಪ್ರವೇಶ ಪಡೆದವರು. ಇಬ್ಬರಂತೂ ಕೆಲಸ ಬಿಟ್ಟು ತಿಂಗಳುಗಳೇ ಕಳೆದಿದ್ದವು, ಅವರ ಪಾಸ್‌ವರ್ಡ್‌ಗಳು ಇನ್ನೂ ಚಾಲ್ತಿಯಲ್ಲಿದ್ದವು. ಆ ಹನ್ನೊಂದು ಜನರಲ್ಲಿ ಯಾರೇ ಆದರೂ, ಯಾವುದೇ ರಾತ್ರಿ, ಯಾವುದೇ ಊರಿನಲ್ಲಿ ಕುಳಿತು, ನಮ್ಮ ಇಪ್ಪತ್ತಾರು ಜನರಲ್ಲಿ ಯಾರು ಎಲ್ಲಿ ಮಲಗಿದ್ದಾರೆಂದು ನೋಡಬಹುದಿತ್ತು. ಯಾರಾದರೂ ನೋಡಿದ್ದಾರೆಯೇ ಎಂದು ತಿಳಿಯಲು ಹೋದರೆ, ವೀಕ್ಷಣೆಯ ದಾಖಲೆ ಇಡುವ ಸೌಲಭ್ಯವನ್ನು ಚಾಲೂ ಮಾಡಿಯೇ ಇರಲಿಲ್ಲ. ಕೆಲಸಗಾರರ ಪ್ರತಿ ಹೆಜ್ಜೆಯನ್ನೂ ದಾಖಲಿಸಿದ್ದ ವ್ಯವಸ್ಥೆಯಲ್ಲಿ ಅವರನ್ನು ನೋಡಿದವರ ದಾಖಲೆ ಒಂದೂ ಇರಲಿಲ್ಲ. ಆ ತಂತ್ರಜ್ಞೆಗೆ ಮರುದಿನ ಈ ಸತ್ಯವನ್ನು ಹೇಳಿದ್ದು ನನ್ನ ವೃತ್ತಿಯಲ್ಲಿ ಅತ್ಯಂತ ಕಷ್ಟದ ಮಾತುಗಳಲ್ಲೊಂದು.

ಹೆಸರುಗಳನ್ನು ತೆಗೆದು ಬರೀ ಸಂಖ್ಯೆ ಇಟ್ಟರೆ ಸಾಕಲ್ಲವೇ ಎಂದು ಸಭೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು. ಸಾಲದು. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹದಿನೈದು ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ಓಡಾಟದ ಮಾಹಿತಿಯನ್ನು ಪರಿಶೀಲಿಸಿತ್ತು. ಸ್ಥಳ ಮತ್ತು ಸಮಯ ಎರಡೂ ಇರುವ ನಾಲ್ಕೇ ನಾಲ್ಕು ಬಿಂದುಗಳಿದ್ದರೆ ಅವರಲ್ಲಿ 95 ಪ್ರತಿಶತ ಜನರನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು ಎಂದು ಅದು ಕಂಡುಕೊಂಡಿತು. ನಮ್ಮ ಆ್ಯಪ್ ಎರಡು ನಿಮಿಷಕ್ಕೊಂದರಂತೆ ದಿನಕ್ಕೆ 720 ಬಿಂದುಗಳನ್ನು ಸಂಗ್ರಹಿಸುತ್ತಿತ್ತು. ಅವುಗಳಿಂದ ಒಬ್ಬರು ಯಾವ ವೈದ್ಯರ ಬಳಿ ಹೋಗುತ್ತಾರೆ, ಎಲ್ಲಿ ಪ್ರಾರ್ಥನೆ ಮಾಡುತ್ತಾರೆ, ಯಾವ ಸಂಘದ ಸಭೆಗೆ ಹೋಗುತ್ತಾರೆ ಎಂಬುದೆಲ್ಲ ತಿಳಿಯುತ್ತದೆ. ಲಿಫ್ಟ್ ದುರಸ್ತಿಗೆ ಇದರಲ್ಲಿ ಒಂದೂ ಬೇಕಿಲ್ಲ.

ಒಪ್ಪಿಗೆ ಪತ್ರದ ಬಗ್ಗೆಯೂ ನನ್ನ ಅಭಿಪ್ರಾಯ ಬದಲಾಯಿತು. ನೌಕರರ ವಿಷಯದಲ್ಲಿ ಒಪ್ಪಿಗೆಯನ್ನು ಆಧಾರವಾಗಿ ಹಿಡಿಯುವುದು ಬಹುಪಾಲು ಸಲ್ಲದು ಎಂದು ಯುರೋಪಿನ ದತ್ತಾಂಶ ರಕ್ಷಣಾ ಪ್ರಾಧಿಕಾರಗಳ ಜಂಟಿ ಸಮಿತಿ 2017ರಲ್ಲೇ ಹೇಳಿತ್ತು. ಸಂಬಳ ಕೊಡುವವರು ಕೇಳಿದಾಗ ಇಲ್ಲ ಎನ್ನುವ ಸ್ವಾತಂತ್ರ್ಯ ಸಂಬಳ ಪಡೆಯುವವರಿಗೆ ಇರುವುದು ಅಪರೂಪ ಎಂಬುದು ಅದರ ಕಾರಣ. ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದೇ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಗಳಿಗಾಗಿ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಟ್ಟಿದೆ. ನಾನು ಆಡಳಿತದ ಕಡೆಯವನಾಗಿದ್ದರೂ ಈ ಅವಕಾಶ ತೀರಾ ಸಡಿಲವೆಂದೇ ಹೇಳುತ್ತೇನೆ, ಏಕೆಂದರೆ ಯಾರೂ ತಡೆಯದಿದ್ದಾಗ ನಮ್ಮಂಥವರು ಏನು ಮಾಡುತ್ತೇವೆ ಎಂಬುದನ್ನು ನನ್ನದೇ ಮೇಜಿನಲ್ಲಿ ಕಂಡಿದ್ದೇನೆ.

ಬದಲಾವಣೆಗೆ ನಾಲ್ಕು ತಿಂಗಳು ಹಿಡಿಯಿತು. ಈಗ ತಂತ್ರಜ್ಞರು ಪಾಳಿ ಆರಂಭಿಸುವ ಗುಂಡಿ ಒತ್ತಿದಾಗ ಮಾತ್ರ ಸ್ಥಳ ದಾಖಲಾಗುತ್ತದೆ. ಗುಂಡಿ ಒತ್ತಿ ಮುಗಿಸಲು ಮರೆತರೂ ಪಾಳಿಯ ಅವಧಿ ದಾಟಿದ ಕೂಡಲೇ ಅದು ತಾನಾಗಿಯೇ ನಿಲ್ಲುತ್ತದೆ. ಈ ಒಂದು ಅಂಶಕ್ಕಾಗಿ ನಾನು ಮೇಲಿನವರೊಂದಿಗೆ ಹೆಚ್ಚು ವಾದಿಸಬೇಕಾಯಿತು. ಬೇಕಾದವರು ತಾವೇ ಆಫ್ ಮಾಡಿಕೊಳ್ಳಲಿ ಎಂದು ಅವರು ಹೇಳುತ್ತಿದ್ದರು. ದಿನವಿಡೀ ಮೆಟ್ಟಿಲು ಹತ್ತಿಳಿದು ದಣಿದವರ ಮೇಲೆ ತಮ್ಮ ಖಾಸಗಿತನವನ್ನು ಪ್ರತಿ ಸಂಜೆ ತಾವೇ ಕಾಯ್ದುಕೊಳ್ಳುವ ಹೊರೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಆಫ್ ಮಾಡಿದವರನ್ನು ಅನುಮಾನದಿಂದ ನೋಡುವ ಅಭ್ಯಾಸವೂ ಮನುಷ್ಯರಿಗೆ ಬೇಗ ಅಂಟಿಕೊಳ್ಳುತ್ತದೆ. 2015ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗಿಯೊಬ್ಬರು, ಕೆಲಸದ ವೇಳೆಯ ಆಚೆಗೂ ತನ್ನನ್ನು ಹಿಂಬಾಲಿಸುತ್ತಿದ್ದ ಆ್ಯಪನ್ನು ಫೋನಿನಿಂದ ತೆಗೆದುಹಾಕಿದ್ದಕ್ಕೆ ಕೆಲಸವನ್ನೇ ಕಳೆದುಕೊಂಡೆನೆಂದು ನ್ಯಾಯಾಲಯಕ್ಕೆ ಹೋಗಿದ್ದರು. ಆ ಉದಾಹರಣೆಯನ್ನು ಮುಂದಿಟ್ಟ ಮೇಲೆ ಚರ್ಚೆ ಸ್ವಲ್ಪ ಬೇಗ ಮುಗಿಯಿತು.

ನಕ್ಷೆಯನ್ನು ಈಗ ಮೂವರು ಮಾತ್ರ ನೋಡಬಹುದು, ನೋಡಿದ ಪ್ರತಿ ಸಲವೂ ದಾಖಲಾಗುತ್ತದೆ, ಮತ್ತು ಆ ದಾಖಲೆ ತಿಂಗಳಿಗೊಮ್ಮೆ ತಂತ್ರಜ್ಞರ ಕೈಸೇರುತ್ತದೆ. ಚುಕ್ಕೆಯ ಸುತ್ತ ವೃತ್ತವೂ ಕಾಣುತ್ತದೆ. ಹಾಜರಾತಿಗೂ ಸಂಬಳಕ್ಕೂ ಸ್ಥಳದ ಮಾಹಿತಿಯನ್ನು ಬಳಸುವುದಿಲ್ಲವೆಂದು ಲಿಖಿತವಾಗಿ ಕೊಟ್ಟಿದ್ದೇವೆ. ತುರ್ತು ಕರೆಗೆ ಹತ್ತಿರದವರನ್ನು ಕಳುಹಿಸುವ ಕೆಲಸ ಮೊದಲಿನಷ್ಟೇ ವೇಗವಾಗಿ ನಡೆಯುತ್ತಿದೆ, ಏಕೆಂದರೆ ಅದಕ್ಕೆ ಬೇಕಿದ್ದದ್ದು ಆ ಕ್ಷಣದ ಸ್ಥಳವೊಂದೇ.

ಹಳೆಯ ದಾಖಲೆಗಳ ಕೆಲಸ ಕೊನೆಯಲ್ಲಿ ಉಳಿದಿತ್ತು. ಹದಿನಾಲ್ಕು ತಿಂಗಳ ಓಡಾಟವನ್ನು ಅಳಿಸುವಂತೆ ಆ್ಯಪ್ ಒದಗಿಸುವ ಕಂಪನಿಗೆ ಬರೆದೆ. ಅಳಿಸಿದ್ದೇವೆ ಎಂಬ ಪತ್ರ ಬಂದಾಗ ಅದರ ಒಂದು ಪ್ರತಿಯನ್ನು, ಮೊದಲು ಪ್ರಶ್ನೆ ಕೇಳಿದ್ದ ಆ ತಂತ್ರಜ್ಞೆಗೆ ಕೊಟ್ಟೆ. ಅವರು ಅದನ್ನು ನಿಂತಲ್ಲೇ ಎರಡು ಬಾರಿ ಓದಿ, "ಬ್ಯಾಕಪ್‌ನಲ್ಲಿ ಇರೋದೂ ಹೋಯಿತಾ ಸರ್?" ಎಂದರು. ಪತ್ರವನ್ನು ಅವರ ಕೈಯಿಂದ ತೆಗೆದುಕೊಂಡು ನಾನೂ ಮತ್ತೊಮ್ಮೆ ಓದಿದೆ. ಬ್ಯಾಕಪ್ ಎಂಬ ಪದವೇ ಅದರಲ್ಲಿರಲಿಲ್ಲ. ಅವರು ಪಕ್ಕದಲ್ಲಿ ನಿಂತಿರುವಾಗಲೇ ಎರಡನೆಯ ಪತ್ರವನ್ನು ಟೈಪ್ ಮಾಡಲು ಕುಳಿತೆ.