ಉಪ್ಪು ಚೆಲ್ಲಿದ ಆಕಾಶ

ನಿನ್ನೆ ರಾತ್ರಿ ಹತ್ತೂವರೆಗೆ, ಕ್ರಿಸ್‌ಮಸ್ ಕಾರ್ಡಿಗೆಂದು ಕೆತ್ತಿದ ಲಿನೊ ಬ್ಲಾಕಿನ ಮೇಲಿಂದ ಅಚ್ಚಾದ ಹಾಳೆ ಎತ್ತಿದೆ. ಆಕಾಶ ಅಂಚಿನಿಂದ ಅಂಚಿಗೆ ಒಂದೇ ನೀಲಿ. ಎಲ್ಲೂ ಬಿಳಿ ಚುಕ್ಕೆಯಿಲ್ಲ, ಇರಬೇಕಾದ ಕಡೆ ನಕ್ಷತ್ರವೊಂದೇ. ಮಲಗಿದ್ದವರನ್ನೂ ಎಬ್ಬಿಸಿ ತೋರಿಸಿದೆ. ಮೂರು ವಾರ, ಎರಡು ಬಗೆಯ ಮಸಿ, ಇಪ್ಪತ್ತಕ್ಕೂ ಹೆಚ್ಚು ಹಾಳಾದ ಹಾಳೆಗಳು. ಲಿನೊ (ಅಚ್ಚು ಹಾಕಲು ಬಳಸುವ ಲಿನೋಲಿಯಂ ಹಾಳೆ) ಕೆತ್ತುವ ಯಾರಿಗಾದರೂ ಇದೇ ಕಾಟ ಇದ್ದರೆ ಉಪಯೋಗಕ್ಕೆ ಬರಲಿ ಎಂದು ಮಸಿ ಒಣಗುವ ಮೊದಲೇ ಬರೆದಿಡುತ್ತಿದ್ದೇನೆ.

ಈ ಸಲದ ಕ್ರಿಸ್‌ಮಸ್ ಕಾರ್ಡಿಗೆ ಹಳೇ ಗೋವಾದ ಸೆ ಕ್ಯಾಥೆಡ್ರಲ್ ಎಂದು ಮಳೆಗಾಲದಲ್ಲೇ ನಿಶ್ಚಯಿಸಿದ್ದೆ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ನವೆಂಬರಿನ ಎರಡನೇ ಶನಿವಾರವೇ ಹುಬ್ಬಳ್ಳಿಯಿಂದ ಬಸ್ ಹಿಡಿದು ಘಟ್ಟ ಇಳಿದೆ. ರಸ್ತೆಯ ಒಂದು ಬದಿಗೆ ಬೊಮ್ ಜೀಸಸ್ ಬೆಸಿಲಿಕಾ, ಗಾರೆಯಿಲ್ಲದೆ, ಜಂಬಿಟ್ಟಿಗೆಯ ಕೆಂಪು ಮೈ ತೋರಿಸಿಕೊಂಡು ನಿಂತಿದೆ. ಇನ್ನೊಂದು ಬದಿಗೆ ಸೆ ಕ್ಯಾಥೆಡ್ರಲ್, ಸುಣ್ಣ ಬಳಿದ ಬೆಳ್ಳಗಿನ ಗೋಡೆ. 1562ರಲ್ಲಿ ಶುರುವಾಗಿ 1619ಕ್ಕೆ ಕಟ್ಟಡ ಮುಗಿಯಿತು; ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳ ಹೆಸರಿನದು. ಅದರ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರ ಮುಖಕ್ಕೇ ಬೀಳುತ್ತದೆ, ಮಧ್ಯಾಹ್ನದ ನಂತರ ಮುಖ ನೆರಳಿಗೆ ಹೋಗುತ್ತದೆ. ಶನಿವಾರ ನಾನು ತಲುಪಿದ್ದು ನೆರಳಿನ ಹೊತ್ತಿಗೆ. ಭಾನುವಾರ ಬೆಳಿಗ್ಗೆ ಹುಲ್ಲಿನ ಮೇಲೆ ಕುಳಿತು ಹತ್ತು ಗಂಟೆಯೊಳಗೆ ನಾಲ್ಕು ರೇಖಾಚಿತ್ರ ಮುಗಿಸಿದೆ.

ಈ ಕಟ್ಟಡವನ್ನೇ ಆರಿಸಿದ್ದಕ್ಕೆ ಕಾರಣ ಅದರ ಒಂಟಿ ಗೋಪುರ. ಮೊದಲು ಎರಡಿದ್ದವು. ಉತ್ತರದ್ದು 1776ರಲ್ಲಿ ಬಿತ್ತು, ಮತ್ತೆ ಯಾರೂ ಕಟ್ಟಲಿಲ್ಲ. ಎದುರು ನಿಂತರೆ ಎಡಕ್ಕೆ ದಕ್ಷಿಣದ ಗೋಪುರ, ಅದರೊಳಗೆ ಚಿನ್ನದ ಗಂಟೆ ಎಂದು ಹೆಸರಾದ ದೊಡ್ಡ ಗಂಟೆ. ಬಲಕ್ಕೆ ಬರೀ ಆಕಾಶ. ನಕ್ಷತ್ರವನ್ನು ಎಲ್ಲಿ ಇಡಬೇಕೆಂದು ಬಸ್ಸಿನುದ್ದಕ್ಕೂ ತಲೆ ಕೆಡಿಸಿಕೊಂಡಿದ್ದೆ. ಅಲ್ಲಿ ಕುಳಿತ ಮೇಲೆ ಯೋಚಿಸುವುದೇನೂ ಉಳಿಯಲಿಲ್ಲ. ಬಿದ್ದ ಗೋಪುರದ ಜಾಗವೇ ನಕ್ಷತ್ರದ ಜಾಗ.

ಟ್ರೇಸಿಂಗ್, ವರ್ಗಾವಣೆ, ಕೆತ್ತನೆ ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತು ಮಾತ್ರ: ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಹಾಗಾಗಿ ಇಂಥ ಕಟ್ಟಡದಲ್ಲಿ ಚಿತ್ರ ತಿರುವಿ ಕೆತ್ತುವುದನ್ನು ಮರೆತರೆ ಬಿದ್ದ ಗೋಪುರ ಎದ್ದು ನಿಂತು, ನಿಂತ ಗೋಪುರ ಬಿದ್ದುಹೋಗುತ್ತದೆ. ಕನ್ನಡಿ ಹಿಡಿದು ಎರಡೆರಡು ಸಲ ನೋಡಿಯೇ ಉಳಿ ಇಟ್ಟೆ. ತರಿಸಿದ ಲಿನೊ ಒಣಗಿ ಹಪ್ಪಳದಂತಾಗಿತ್ತು, ಅಂಚು ಮುಟ್ಟಿದರೆ ಉದುರುತ್ತಿತ್ತು. ಬದಲಿಸಿಕೊಡಿ ಎಂದು ಮಾರಿದವರಿಗೆ ಮೂರು ಸಲ ಬರೆದರೂ ಉತ್ತರವಿಲ್ಲ. ಧಾರವಾಡದ ಬಿಸಿಲೇ ಕೈ ಹಿಡಿಯಿತು: ಮಾಳಿಗೆಯ ಮೇಲೆ ಹತ್ತು ನಿಮಿಷ ಇಟ್ಟು ತಂದರೆ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿತ್ತು.

ಇನ್ನು ಆಕಾಶ. ಬಿಳಿ ಕಟ್ಟಡ ಕಾಣಬೇಕಾದರೆ ಹಿಂದೆ ಕತ್ತಲಿರಬೇಕು. ಲಿನೊದಲ್ಲಿ ಕೆತ್ತಿದ ಜಾಗ ಬಿಳಿಯಾಗುತ್ತದೆ, ಉಳಿಸಿದ ಜಾಗ ಮಸಿ ಹಿಡಿಯುತ್ತದೆ; ಹಾಗಾಗಿ ಕಟ್ಟಡವನ್ನು ಕೆತ್ತಿ ತೆಗೆದು ಆಕಾಶವನ್ನು ಪೂರ್ತಿ ಉಳಿಸಿದೆ. ಅಂದರೆ ಅಂಗೈಯಗಲದ ಸಪಾಟು ಜಾಗ ಒಂದೇ ಸಮನೆ ಮಸಿ ಕೊಡಬೇಕು. ನಕ್ಷತ್ರ ಅಕ್ಕಿಕಾಳಿನಷ್ಟು. ಮೊದಲ ಹಾಳೆ ಎತ್ತಿದಾಗ ಆಕಾಶದ ತುಂಬ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳು, ನಕ್ಷತ್ರ ಯಾವುದೆಂದು ಹುಡುಕಬೇಕಿತ್ತು. ಮನೆಯವರು ಚೆನ್ನಾಗಿದೆ, ಆಕಾಶದ ತುಂಬ ನಕ್ಷತ್ರಗಳಿವೆ, ಹೀಗೆಯೇ ಇರಲಿ ಎಂದರು. ಒಬ್ಬರು ಹಿಮ ಬೀಳುತ್ತಿದೆ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಜೋಯಿಸರು ಒಂದು ನಕ್ಷತ್ರ ನೋಡಿಕೊಂಡು ಬೆತ್ಲೆಹೇಮಿಗೆ ಬಂದ ಕಥೆ ಇದು. ಈ ಆಕಾಶದಲ್ಲಿ ಎರಡನೆಯದು ಇರಕೂಡದು.

ನೀರಿನ ಮಸಿಯಿಂದ ಶುರು ಮಾಡಿದೆ. ಡಿಸೆಂಬರಿನ ಒಣಗಾಳಿಗೆ ಅದು ರೋಲರಿನಿಂದ ಬ್ಲಾಕಿಗೆ ಬರುವಷ್ಟರಲ್ಲೇ ಅರ್ಧ ಒಣಗಿರುತ್ತಿತ್ತು. ಎಣ್ಣೆಯ ಮಸಿಗೆ ಬದಲಾಯಿಸಿದೆ. ಗಾಜಿನ ಮೇಲೆ ರೋಲರ್ ಓಡುವಾಗ ಸಣ್ಣಗೆ ಸಿರ್ ಎನ್ನುವ ಸದ್ದು ಬರಬೇಕಲ್ಲ, ಅದು ಬಂತು, ಉಪ್ಪು ಮಾತ್ರ ಹೋಗಲಿಲ್ಲ. ಮಸಿ ಹೆಚ್ಚಿಸಿದೆ: ಆಕಾಶ ಸ್ವಲ್ಪ ತುಂಬಿತು, ಆದರೆ ಗೋಪುರದ ಕಿಟಕಿಯ ಸುತ್ತ ಕೂದಲೆಳೆಯಂತೆ ಕೆತ್ತಿದ್ದ ಬಿಳಿ ಗೆರೆಗಳು ಮುಚ್ಚಿಹೋದವು. ಮಸಿ ಇಳಿಸಿ ಒತ್ತಡ ಹೆಚ್ಚಿಸಿದೆ. ನನ್ನ ಬಳಿ ಪ್ರೆಸ್ ಇಲ್ಲ, ಮರದ ಸೌಟಿನ ಬೆನ್ನಿನಿಂದಲೇ ಉಜ್ಜುವುದು. ಇಪ್ಪತ್ತು ನಿಮಿಷ ಉಜ್ಜಿದರೆ ಹಾಳೆ ಜರುಗಿ ಗೋಪುರಕ್ಕೆ ನೆರಳಿನಂತೆ ಇನ್ನೊಂದು ಗೋಪುರ ಬಂತು. ಗದಗಿನ ಮುದ್ರಣಾಲಯವೊಂದರಲ್ಲಿ ಟ್ರೆಡಲ್ ಯಂತ್ರ (ಕಾಲಿನಿಂದ ತುಳಿದು ನಡೆಸುವ ಮುದ್ರಣಯಂತ್ರ) ನಡೆಸಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಹಾಳೆಯ ಬೆನ್ನಿಗೆ ಮೆತ್ತನೆಯ ಪ್ಯಾಕಿಂಗ್ ಕೊಟ್ಟು ನೋಡಲು ಹೇಳಿದರು. ನಾಲ್ಕು ಪದರ ಹಳೆಯ ಪತ್ರಿಕೆ ಇಟ್ಟೆ. ಅರ್ಧದಷ್ಟು ಚುಕ್ಕೆಗಳು ಹೋದವು. ಉಳಿದರ್ಧ ಇನ್ನಷ್ಟು ಕಣ್ಣಿಗೆ ಹೊಡೆಯತೊಡಗಿದವು.

ಆಗ ಬ್ಲಾಕು ಬಿಟ್ಟು ಹಾಳೆಯನ್ನು ನೋಡಿದೆ. ಹತ್ತಿ ಚಿಂದಿಯ ಕೈಕಾಗದ, ಮುದ್ರಣಕ್ಕೆ ಯೋಗ್ಯ ಎಂದು ಹೇಳಿ ಮಾರಿದ್ದು. ಕಿಟಕಿಯ ಪಕ್ಕ ಓರೆಯಾಗಿ ಹಿಡಿದರೆ ಮೇಲ್ಮೈ ಉತ್ತ ಹೊಲದಂತಿತ್ತು, ದಿಬ್ಬಗಳೂ ಗುಣಿಗಳೂ. ಮೇಲೆ ಗಟ್ಟಿಯಾಗಿ ಗಂಜಿ ಹಾಕಿದ್ದರು. ಒಂದು ಹನಿ ನೀರು ಬಿಟ್ಟೆ. ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ಕುಳಿತಿತು, ಇಂಗಲು ನಿಮಿಷವೇ ಹಿಡಿಯಿತು. ಮಸಿ ದಿಬ್ಬಗಳನ್ನಷ್ಟೇ ಮುಟ್ಟುತ್ತಿತ್ತು. ಗುಣಿಗಳೇ ನನ್ನ ಉಪ್ಪಿನ ಹರಳುಗಳು. ಮಾರಿದವರನ್ನು ವಿಚಾರಿಸಿದರೆ, ಮುದ್ರಣ ಎಂದರೆ ತಮ್ಮ ಪ್ರಕಾರ ಕಂಪ್ಯೂಟರಿನ ಪ್ರಿಂಟರ್ ಎಂದರು. ಇನ್ನೂರು ಜಿಎಸ್‌ಎಂ (ಚದರ ಮೀಟರಿಗೆ ಇನ್ನೂರು ಗ್ರಾಂ ತೂಕ) ಎಂದು ಕೊಟ್ಟ ಕಟ್ಟಿನಲ್ಲಿ ಎರಡು ದಪ್ಪದ ಹಾಳೆಗಳು ಬೆರೆತಿದ್ದವು, ಅದಕ್ಕೂ ಸಮಜಾಯಿಷಿ ಇತ್ತು. ಹತ್ತಿ ಬೆಳೆಯುವ ನಾಡಿನಲ್ಲಿ ಕುಳಿತು ಒಳ್ಳೆಯ ಹತ್ತಿ ಕಾಗದಕ್ಕೆ ಹೀಗೆ ಪರದಾಡಬೇಕಾದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ದಾರಿ ಸಿಕ್ಕಿದ್ದು ಮತ್ತೆ ಹಳೇ ಗೋವಾದಿಂದಲೇ. ಭಾನುವಾರ ಬಸ್ಸಿಗೆ ಸಮಯವಿತ್ತೆಂದು ಸಂತ ಪೌಲರ ಕಾಲೇಜಿನ ಕಡೆ ನಡೆದಿದ್ದೆ. ಕಾಲೇಜು ಇಲ್ಲ, ಅದರ ಮುಖದ ಕಮಾನೊಂದು ಉಳಿದಿದೆ. ಭಾರತಕ್ಕೆ ಮೊದಲ ಮುದ್ರಣಯಂತ್ರ ಬಂದದ್ದು ಅಲ್ಲಿಗೆ, 1556ರಲ್ಲಿ. ಅಚ್ಚು ಹಾಕುವ ಹುಚ್ಚಿರುವ ನನಗೆ ಕ್ಯಾಥೆಡ್ರಲಿಗಿಂತ ಒಂದು ಕೈ ಹೆಚ್ಚೇ ಭಕ್ತಿ ಬಂದದ್ದು ಆ ಕಮಾನಿನ ಕೆಳಗೆ. ಮೊನ್ನೆ ಸೌಟು ಉಜ್ಜುತ್ತ ಕುಳಿತಾಗ ಅದೇ ನೆನಪಾಯಿತು. ಆ ಕಾಲದಲ್ಲೂ ಚಿಂದಿಯ ಕೈಕಾಗದ, ಗಟ್ಟಿ ಅಂಟು, ಎಣ್ಣೆಯ ಮಸಿ, ಮನುಷ್ಯನ ತೋಳಿನ ಬಲ. ನನ್ನ ಮುಂದಿದ್ದ ಸಾಮಾನೇ ಅವರ ಮುಂದೆಯೂ ಇತ್ತು. ಕೈಪ್ರೆಸ್ಸಿನ ಕಾಲದ ಮುದ್ರಕರು ಒಣಹಾಳೆಯ ಮೇಲೆ ಒತ್ತುತ್ತಿರಲಿಲ್ಲ. ಹಿಂದಿನ ದಿನವೇ ನೀರುಣಿಸಿ, ಅಡಕಿಟ್ಟು, ಭಾರ ಹೇರುತ್ತಿದ್ದರು. ಎಂದೋ ಓದಿದ್ದ ಈ ಸಂಗತಿ ಅಷ್ಟು ದಿನ ಎಲ್ಲಿ ಅಡಗಿತ್ತೋ!

ಎಂಟು ಹಾಳೆ ತೆಗೆದುಕೊಂಡೆ. ಒಂದನ್ನು ತಟ್ಟೆಯ ನೀರಿನಲ್ಲಿ ಎಳೆದು ತೆಗೆದು, ಮೇಲೊಂದು ಒಣಹಾಳೆ, ಮತ್ತೆ ಒದ್ದೆಯದು, ಹೀಗೆ ಪೇರಿಸಿದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುಗುಂಡು. ಮರುದಿನ ಸಂಜೆಗೆ ತೇವ ಎಲ್ಲ ಹಾಳೆಗಳಿಗೂ ಸಮನಾಗಿ ಹಂಚಿಹೋಗಿತ್ತು. ಕೆನ್ನೆಗೆ ತಾಗಿಸಿ ನೋಡಿ: ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು. ಬೆಳಕಿಗೆ ಹಿಡಿದರೆ ಮೇಲ್ಮೈ ಹೊಳೆಯುತ್ತಿದ್ದರೆ ಇನ್ನೂ ನೀರಿದೆ, ಕಾಯಿರಿ. ಬಿರುಸಾಗಿದ್ದ ಹಾಳೆ ಹಳೆಯ ಪಂಚೆಯಂತೆ ಮೆತ್ತಗಾಗಿ ಬ್ಲಾಕಿನ ಮೇಲೆ ತಾನಾಗಿ ಕುಳಿತಿತು. ಮಸಿ ತೆಳುವಾಗಿ, ಪ್ಯಾಕಿಂಗ್ ಎರಡೇ ಪದರ, ಸೌಟು ಐದೇ ನಿಮಿಷ. ಆಕಾಶ ತುಂಬಿತು. ಕಿಟಕಿಯ ಗೆರೆಗಳೂ ಉಳಿದವು.

ಒಣಗಿಸುವಾಗ ಎಚ್ಚರ ಬೇಕು. ಮೊದಲೆರಡನ್ನು ತಂತಿಗೆ ತೂಗುಹಾಕಿದ್ದಕ್ಕೆ ಸೊಟ್ಟಗಾದವು. ಈಗ ಬ್ಲಾಟಿಂಗ್ ಹಾಳೆಗಳ ನಡುವೆ, ಮಸಿಯ ಬದಿಗೆ ಬೆಣ್ಣೆಕಾಗದ ಇಟ್ಟು, ಹಗುರ ಭಾರ ಹೇರಿ, ದಿನಕ್ಕೊಮ್ಮೆ ಬ್ಲಾಟಿಂಗ್ ಬದಲಿಸುತ್ತಿದ್ದೇನೆ.

ಈ ನಡುವೆ ಯುಗಾದಿಯ ಕಾರ್ಡು ತಲೆಯಲ್ಲಿ ಕುಳಿತುಬಿಟ್ಟಿದೆ. ಗದಗಿನ ಪಕ್ಕದ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಗರ್ಭಗುಡಿ, ಸೂರ್ಯನ ಗರ್ಭಗುಡಿ ಎದುರುಬದುರಾಗಿವೆ. ಮಡಚುವ ಕಾರ್ಡಿನ ಒಳಗಿನ ಎರಡು ಪುಟಗಳೂ ಎದುರುಬದುರೇ ಅಲ್ಲವೇ? ತೆರೆದರೆ ಎರಡು ಗುಡಿಗಳು, ಮುಚ್ಚಿದರೆ ಒಂದನ್ನೊಂದು ಮುಟ್ಟುತ್ತವೆ. ಆ ಬಳಪದ ಕಲ್ಲಿನ ಕಂಬಗಳ ಬಳೆಗಳಂಥ ಗೆರೆಗಳಿಗೆ ಯು ಆಕಾರದ ಬಾಯಿಯ ಸಣ್ಣ ಉಳಿ ಬೇಕು. ಎರಡು ಬ್ಲಾಕು, ಎರಡು ಬಣ್ಣ. ತೇವದ ಹಾಳೆ ಹಿಗ್ಗುವುದರಿಂದ ಎರಡನೇ ಬಣ್ಣ ಸರಿಯಾಗಿ ಕೂರಬೇಕಾದರೆ ತೇವವನ್ನೂ ಒಂದೇ ಹದದಲ್ಲಿ ಹಿಡಿದಿಡಬೇಕು. ಅದು ಜನವರಿಯ ಚಿಂತೆ.

ಕಾರ್ಡು ನಲವತ್ತು ಬೇಕು, ಆರು ಆಗಿವೆ. ಮೊದಲನೆಯದು ಪಕ್ಕದ ಮನೆಯ ನಿವೃತ್ತ ಶಿಕ್ಷಕಿಗೆ. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಕರ್ಚಿಕಾಯಿಯ ಡಬ್ಬಿ ಬರುತ್ತದೆ. ಲಂಡನ್ನಿನಲ್ಲಿ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿಸಿದ 1843ರಲ್ಲೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು, ಎರಡೂ ಕಲ್ಲಚ್ಚಿನಲ್ಲಿ ಮೂಡಿದ್ದು ಎಂದು ನನಗೆ ಮೊದಲು ಹೇಳಿದವರು ಅವರೇ. ಈ ಆಕಾಶವನ್ನು ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಹಿಡಿದು ನೋಡುತ್ತಾರೆ.

ಎಣ್ಣೆಯ ಮಸಿ ಪೂರ್ತಿ ಒಣಗಲು ಐದು ದಿನ ಬೇಕು. ಇಂದು ರಾತ್ರಿ ಇನ್ನೂ ಹನ್ನೆರಡು ಹಾಳೆಗಳಿಗೆ ನೀರುಣಿಸಿ ರುಬ್ಬುಗುಂಡು ಹೇರಬೇಕು. ನಾಳೆ ದೋಸೆಗೆ ರುಬ್ಬುವಂತಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ.