ಅಂಗಡಿಯೊಳಗಿನ ಆಳ್ವಿಕೆ

ಕೆಲಸದ ಸ್ಥಳದ ಸಮಾನತೆ ಎಂದರೆ ನಾವು ಮೊದಲು ಸಂಬಳವನ್ನೇ ನೆನೆಯುತ್ತೇವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಆಂಡರ್ಸನ್ ಅವರು 1999ರ ತಮ್ಮ ಪ್ರಬಂಧದಲ್ಲಿ, ಸಮಾನತೆಯ ಗುರಿ ಅದೃಷ್ಟದ ಏರುಪೇರನ್ನು ಸರಿದೂಗಿಸುವುದಲ್ಲ, ಒಬ್ಬರು ಇನ್ನೊಬ್ಬರ ಮುಂದೆ ಕುಗ್ಗಿ ನಿಲ್ಲಬೇಕಾದ ಸಂಬಂಧಗಳನ್ನು ಕೊನೆಗಾಣಿಸುವುದು ಎಂದು ವಾದಿಸಿದರು. 2017ರ ಕೃತಿಯಲ್ಲಿ ಅವರು ಇನ್ನೂ ಮುಂದೆ ಹೋಗಿ, ಮಾಲೀಕರು ನೌಕರರ ಮೇಲೆ ನಡೆಸುವುದು ಒಂದು ಬಗೆಯ ಸರ್ಕಾರವೇ, ಆದರೆ ಆಳಿಸಿಕೊಳ್ಳುವವರಿಗೆ ಅದರಲ್ಲಿ ದನಿಯಿಲ್ಲ ಎಂದರು.

ಈ ಮಾತು ನನಗೆ ನಮ್ಮ ದಾವಣಗೆರೆಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ಸೀರೆ ತೋರಿಸುವ ಹೆಣ್ಣುಮಕ್ಕಳನ್ನು ಕಂಡಾಗಲೆಲ್ಲ ನಿಜವೆನಿಸುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರಬಾರದು ಎಂಬ ಕಟ್ಟಳೆಯಿಂದ ವ್ಯಾಪಾರಕ್ಕೆ ಯಾವ ಲಾಭವೂ ಇಲ್ಲ. ಅದು ಅಧಿಕಾರದ ಪ್ರದರ್ಶನ ಮಾತ್ರ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಅಂಗಡಿ ನೌಕರರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿದವು.

ಒಪ್ಪದವರು ಇಷ್ಟವಿಲ್ಲದಿದ್ದರೆ ಕೆಲಸ ಬಿಡಬಹುದಲ್ಲ ಎನ್ನುತ್ತಾರೆ. ಆದರೆ ತಿಂಗಳ ಬಾಡಿಗೆ, ಮಕ್ಕಳ ಶುಲ್ಕ ತಲೆಯ ಮೇಲಿರುವವರಿಗೆ ಒಂದು ಅಂಗಡಿ ಬಿಟ್ಟು ಅದೇ ಕಟ್ಟಳೆಯ ಮತ್ತೊಂದಕ್ಕೆ ಸೇರುವುದು ಯಾವ ಸ್ವಾತಂತ್ರ್ಯ? ಹತ್ತಿಗಿರಣಿಗಳ ಕಾಲದಲ್ಲಿ ಇಲ್ಲಿನ ಕಾರ್ಮಿಕರಿಗೆ ಸಂಘದ ಬಲವಿತ್ತು; ಕಾರ್ಮಿಕ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿದ ಊರಿದು. ನಾಲ್ಕೈದು ಜನ ದುಡಿಯುವ ಅಂಗಡಿಯಲ್ಲಿ ಅಂಥ ದನಿಯನ್ನು ಹೇಗೆ ಕಟ್ಟುವುದು ಎಂಬ ಪ್ರಶ್ನೆಗೆ ಆಂಡರ್ಸನ್ ಅವರ ವಾದದಲ್ಲಿ ಸಿದ್ಧ ಉತ್ತರ ನನಗೆ ಸಿಕ್ಕಿಲ್ಲ.