ಚಾವಣಿ ಸೋಲಾರ್, ಭಾಗ 4: ಸೆಲ್ ಎಲ್ಲಿಯದು?

ಪ್ಯಾನೆಲ್ ಇನ್ನೂ ಮೇಲೆ ಹತ್ತಿಲ್ಲ ಎಂದು ಕಳೆದ ಬಾರಿ ಬರೆದಿದ್ದೆ. ಈಗ ಹತ್ತಿವೆ, ಆರೂ! ನಡುವೆ ಐದು ವಾರ ಕಳೆದವು. ಆ ಐದು ವಾರದಲ್ಲಿ ಒಂದು ಬೋಲ್ಟನ್ನೂ ತಿರುಗಿಸಲಿಲ್ಲ. ಬರೀ ಕಾಗದ, ಫೋನು, ಓಡಾಟ. ಸ್ಟ್ರಕ್ಚರ್, ಅರ್ಥಿಂಗ್, ಡಿಸಿ ಕೇಬಲ್ ಎಲ್ಲ ನೀವು ಮಾಡಿದಂತೆಯೇ ಮಾಡಿದ್ದು, ಅದನ್ನು ಬಿಡುತ್ತೇನೆ. ಈ ಭಾಗ ಪೂರ್ತಿ ಸಬ್ಸಿಡಿಯದು.

ಮೊದಲು ಈ ಕೆಲಸಕ್ಕೆ ಕೈಹಾಕಿದ್ದು ಯಾಕೆಂದು ನೆನಪಿಸುತ್ತೇನೆ. ಅಮ್ಮನ ಅಡುಗೆಮನೆಗೆ ಇಂಡಕ್ಷನ್ ಒಲೆ ಬಂತು. ಕರೆಂಟಿನ ಬಳಕೆ ಅಳೆಯುವ ಪಿಜೆಮ್ ಮಾಡ್ಯೂಲ್ ಕೂರಿಸಿ ತಿಂಗಳಿಡೀ ಅಳೆದೆ: ಒಲೆಯೊಂದೇ ದಿನಕ್ಕೆ 2 ಯೂನಿಟ್. ತಿಂಗಳಿಗೆ ಮೊದಲಿನ 168 ಯೂನಿಟ್‌ಗೆ ಒಲೆಯ ಈ 60 ಸೇರಿದರೆ 228. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಹೆಚ್ಚುವರಿ 28ಕ್ಕಷ್ಟೇ ಅಲ್ಲ, ಪೂರ್ತಿ 228ಕ್ಕೂ ಕಟ್ಟಬೇಕು. 2025-26ರಲ್ಲಿ ದರ ಯೂನಿಟ್‌ಗೆ 5.80 ರೂಪಾಯಿ ಇತ್ತು. ಅದರ ಮೇಲೆ ಪ್ರತಿ ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ, ಯೂನಿಟ್‌ಗೆ 36 ಪೈಸೆಯ ಪಿಂಚಣಿ ಸರ್ಚಾರ್ಜ್, ತೆರಿಗೆ. ನಮ್ಮ 3 ಕಿಲೋವಾಟ್ ಲೋಡಿಗೆ ಬಿಲ್ಲು 1,900 ದಾಟುತ್ತಿತ್ತು. ಗ್ಯಾಸ್ ಬಿಟ್ಟು ಕರೆಂಟಿಗೆ ಬಂದವರೆಲ್ಲ ಈ 200ರ ಗೆರೆಯನ್ನು ಒಮ್ಮೆ ನೋಡಿಕೊಳ್ಳಬೇಕು.

ಹಾಗಾಗಿ 3 ಕಿಲೋವಾಟ್ ಸೋಲಾರ್. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ನಿಮಗೆಲ್ಲ ಬಾಯಿಪಾಠ: ಮೊದಲ ಎರಡು ಕಿಲೋವಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ. ಅಲ್ಲಿಂದ ಮೇಲೆ ಎಷ್ಟೇ ಹಾಕಿಸಿದರೂ ಅಷ್ಟೇ.

ಅಂಗಡಿಯವರು ಕೊಟ್ಟ ಮೊದಲ ಕೋಟ್ (ಬೆಲೆಪತ್ರ) ನೋಡಿ ಖುಷಿಯಾಗಿತ್ತು. 1,64,000, ಅದರಲ್ಲಿ 78,000 ಕಳೆದು, ಕೆಳಗೆ ದಪ್ಪ ಅಕ್ಷರದಲ್ಲಿ 86,000. ಉಳಿದ ಇಬ್ಬರ ಕೋಟ್ 1,96,000ದ ಆಸುಪಾಸು. ಮುಂಗಡ ಕೊಡಲು ಚೆಕ್ ಬರೆಯುವ ಹೊತ್ತಿಗೆ ಒಂದು ಮಾತು ಚುಚ್ಚಿತು. ಸಬ್ಸಿಡಿ ಅಂಗಡಿಯವರು ಕೊಡುವ ರಿಯಾಯಿತಿ ಅಲ್ಲ. ನಾವು ಪೂರ್ತಿ ದುಡ್ಡು ಕಟ್ಟಿ, ನೆಟ್ ಮೀಟರ್ (ನಾವು ಪಡೆದ, ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರ್) ಕೂತು, ಕೆಲಸ ಮುಗಿದು ಚಾಲೂ ಆಯಿತೆಂಬ ಕಮಿಷನಿಂಗ್ ವರದಿ ಯೋಜನೆಯ ಪೋರ್ಟಲ್‌ಗೆ ಏರಿದ ಮೇಲೆ ನಮ್ಮ ಬ್ಯಾಂಕ್ ಖಾತೆಗೆ ಬರುವ ಹಣ. ಬರದೇ ಹೋದರೆ ಅದು ನಮ್ಮ ನಷ್ಟ, ಅವರದಲ್ಲ. ಹಾಗಿದ್ದರೆ ಅವರ ಬೆಲೆ ಅಷ್ಟು ಕಡಿಮೆ ಹೇಗೆ? ಫೋನ್ ಮಾಡಿದೆ.

"ಎಎಲ್‌ಎಂಎಂ ಪ್ಯಾನೆಲ್ಲೇ ಕೊಡೋದು ಸಾರ್. ಸಬ್ಸಿಡಿ ಬಂದೇ ಬರುತ್ತೆ."

"ಡಿಸಿಆರ್ ಹೌದಾ?"

"ಮೇಡ್ ಇನ್ ಇಂಡಿಯಾ ಸಾರ್."

"ಪ್ಯಾನೆಲ್ ಇಂಡಿಯಾದ್ದು, ಸರಿ. ಒಳಗಿನ ಸೆಲ್?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಡೀಲರ್ ಹತ್ರ ಕೇಳಿ ಹೇಳ್ತೀನಿ ಸಾರ್."

ಹನ್ನೊಂದು ದಿನ ಕಾದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ನಾನೇ ಕೂತು ಓದಿದೆ. ಅವರು ಹೇಳಿದ ಎಎಲ್‌ಎಂಎಂ ಎಂದರೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಒಪ್ಪಿದ ಪ್ಯಾನೆಲ್‌ಗಳ ಪಟ್ಟಿ. ಆ ಪಟ್ಟಿಯಲ್ಲಿರುವ ಪ್ಯಾನೆಲ್‌ಗೆ ಹೊರದೇಶದ ಸೆಲ್, ಅಂದರೆ ಬಿಸಿಲನ್ನು ಕರೆಂಟಾಗಿಸುವ ಬಿಲ್ಲೆ, ಹಾಕಿರಬಹುದು. ಸಬ್ಸಿಡಿಗೆ ಬೇಕಾದ ಡಿಸಿಆರ್‌ನಲ್ಲಿ (ದೇಶೀಯ ತಯಾರಿಕೆಯ ಷರತ್ತು) ಪ್ಯಾನೆಲ್ ಮಾತ್ರವಲ್ಲ, ಸೆಲ್ ಕೂಡ ಇಲ್ಲೇ ತಯಾರಾಗಿರಬೇಕು. ಅಮ್ಮನಿಗೆ ಹೀಗೆ ಹೇಳಿದೆ: ರುಬ್ಬಿದ ಹಿಟ್ಟನ್ನು ಹೊರಗಿನಿಂದ ತಂದು ಇಲ್ಲಿ ದೋಸೆ ಹೊಯ್ದರೆ ಎಎಲ್‌ಎಂಎಂನ ಪ್ಯಾನೆಲ್ ಪಟ್ಟಿಗೆ ಸಾಕು, ಹಿಟ್ಟನ್ನೂ ಇಲ್ಲೇ ರುಬ್ಬಿರಬೇಕು ಎನ್ನುವುದು ಡಿಸಿಆರ್. "ಹಂಗಾದ್ರೆ ಅಕ್ಕಿ?" ಎಂದಳು. ಒಳ್ಳೆಯ ಪ್ರಶ್ನೆ. ಅಕ್ಕಿ, ಅಂದರೆ ಸೆಲ್ ಮಾಡಲು ಬಳಸುವ ಸಿಲಿಕಾನ್‌ನ ತೆಳು ಹಾಳೆ (ವೇಫರ್), ಹೊರಗಿನಿಂದ ಬಂದರೂ ಸದ್ಯಕ್ಕೆ ನಡೆಯುತ್ತದೆ.

ದೇಶದಲ್ಲಿ ಪ್ಯಾನೆಲ್ ಜೋಡಿಸುವ ಕಾರ್ಖಾನೆಗಳು ಬೆಳೆದಷ್ಟು ಬೇಗ ಸೆಲ್ ಮಾಡುವ ಕಾರ್ಖಾನೆಗಳು ಬೆಳೆಯಲಿಲ್ಲ. ಅದಕ್ಕೇ ಡಿಸಿಆರ್ ಮಾಲು ದುಬಾರಿ, ಸಿಗುವುದೂ ತಡ. ಒಂದೇ ಕಂಪನಿ ಎರಡೂ ಬಗೆ ಮಾಡುತ್ತದೆ. ಅದೇ ಗಾಜು, ಅದೇ ಫ್ರೇಮು, ಅದೇ ವ್ಯಾಟು. ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಈಗ ಲೆಕ್ಕ ಹಾಕಿ: 1,96,000ದ ಡಿಸಿಆರ್ ಸೆಟ್ಟಿಗೆ ಸಬ್ಸಿಡಿ ಬಂದರೆ ಕೈಯಿಂದ ಹೋಗುವುದು 1,18,000. "ಅಗ್ಗದ" ಸೆಟ್ಟಿಗೆ ಸಬ್ಸಿಡಿ ತಪ್ಪಿದರೆ 1,64,000. ಅಗ್ಗದ್ದೇ 46 ಸಾವಿರ ದುಬಾರಿ. ಇಷ್ಟು ದೊಡ್ಡ ವಿಷಯವನ್ನು ಕೋಟ್‌ನಲ್ಲಿ ಒಂದು ಸಾಲಿನಲ್ಲೂ ಬರೆಯದ ಅಂಗಡಿಯವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಬೀದಿಯ ಕೊನೆಯ ಮನೆಯ ಅಜ್ಜಿಗೂ ಇದೇ ಕೋಟ್ ಹೋಗಿತ್ತು. ಅವರು ಯಾರನ್ನು ಕೇಳಬೇಕಿತ್ತು?

ಎರಡನೆಯ ಕೋಟ್‌ನವರನ್ನು ಕರೆದು, ಡಿಸಿಆರ್ ಎಂಬ ಪದ, ಸೆಲ್ ತಯಾರಕರ ಹೆಸರು, ಪ್ಯಾನೆಲ್ ಮಾಡೆಲ್ ನಂಬರು ಮೂರನ್ನೂ ಕೋಟ್‌ನಲ್ಲೇ ಬರೆಸಿಕೊಂಡೆ. ಪ್ಯಾನೆಲ್‌ನ ಕರೆಂಟನ್ನು ಮನೆಯಲ್ಲಿ ಬಳಸುವಂತೆ ಬದಲಿಸುವ ಇನ್ವರ್ಟರ್ ಬಗ್ಗೆ ಅಲ್ಲೇ ಇನ್ನೊಂದು ತೊಡಕು ಸಿಕ್ಕಿತು. ಅವರು 540 ವ್ಯಾಟಿನ ಆರು ಪ್ಯಾನೆಲ್‌ಗೆ, ಅಂದರೆ 3.24 ಕಿಲೋವಾಟ್‌ಗೆ, 2.5 ಕಿಲೋವಾಟ್‌ನ ಇನ್ವರ್ಟರ್ ಬರೆದಿದ್ದರು. ತಾಂತ್ರಿಕವಾಗಿ ತಪ್ಪೇನಿಲ್ಲ, ನಾವೆಲ್ಲ ಇನ್ವರ್ಟರಿಗಿಂತ ಪ್ಯಾನೆಲ್ ಸ್ವಲ್ಪ ಹೆಚ್ಚು ಹಾಕುವವರೇ. ಆದರೆ ಸಬ್ಸಿಡಿ ಎಣಿಸುವಾಗ ಪ್ಯಾನೆಲ್ ಮತ್ತು ಇನ್ವರ್ಟರ್‌ನಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯುತ್ತಾರೆ. 78 ಸಾವಿರ ಪೂರ್ತಿ ಸಿಗುವುದಿಲ್ಲ. 3 ಕಿಲೋವಾಟ್‌ನದ್ದಕ್ಕೆ ಬದಲಿಸಿದರು. ಮರುಮಾತಿಲ್ಲದೆ ಬದಲಿಸಿದರು, ಅದನ್ನೂ ಹೇಳಬೇಕು.

ಕರೆಂಟು ಸಂಪರ್ಕದ ಆರ್‌ಆರ್ ನಂಬರು ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು. ಅರ್ಜಿ ಗ್ರಾಹಕರ ಹೆಸರಿನಲ್ಲಿ, ಹಣವೂ ಗ್ರಾಹಕರ ಖಾತೆಗೆ. ಅಮ್ಮನ ಹೆಸರಿಗೆ ವರ್ಗ ಮಾಡಿಸಲು ಎರಡು ವಾರ ಹಿಡಿಯಿತು. ಹೊಸ ಬಿಲ್ಲಿನಲ್ಲಿ ತನ್ನ ಹೆಸರು ನೋಡಿ ಅಮ್ಮ ಅದನ್ನು ದೇವರ ಮನೆಯ ಗೂಡಿನಲ್ಲಿಟ್ಟಳು. ಅಪ್ಪನ ಹೆಸರಿನ ಕೊನೆಯ ಬಿಲ್ಲೂ ಅದರ ಕೆಳಗೇ ಇದೆ.

ಆ ಹಳೆಯ ಬಿಲ್ಲುಗಳನ್ನು ಹುಡುಕುವಾಗ ಮುಂದಿನ ಪ್ರಾಜೆಕ್ಟ್ ಸಿಕ್ಕಿತು. ಅಪ್ಪ ಹಾಕಿಸಿದ್ದ ಸೋಲಾರ್ ವಾಟರ್ ಹೀಟರಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಬರುತ್ತಿತ್ತು. ಹೀಟರ್ ತುಕ್ಕು ಹಿಡಿದು ಹೋದ ಮೇಲೆ ನಾವು ಮತ್ತೆ ಬಚ್ಚಲೊಲೆಗೆ, ಅಜ್ಜಿಯ ಕಾಲದ ತಾಮ್ರದ ಹಂಡೆಗೆ ಮರಳಿದೆವು. ತಾಮ್ರ ಇಂಡಕ್ಷನ್ ಮೇಲೆ ಕಾಯುವುದಿಲ್ಲ, ಗೊತ್ತು. ಆದರೆ ಗಾಳಿಯ ಶಾಖವನ್ನು ನೀರಿಗೆ ಎಳೆದುಕೊಡುವ ಹೀಟ್ ಪಂಪಿನಿಂದ ಕಾಯಿಸಿದ ನೀರನ್ನು ಅದೇ ಹಂಡೆಗೆ ತುಂಬಿಸಿ, ಸುತ್ತ ಇನ್ಸುಲೇಶನ್ ಕಟ್ಟಿ, ಮಧ್ಯಾಹ್ನದ ಬಿಸಿಲಿನ ಕರೆಂಟನ್ನು ಬೆಳಗಿನ ಸ್ನಾನಕ್ಕೆ ಎತ್ತಿಡಬಹುದೇ? ರಾತ್ರಿಯಿಡೀ ಎಷ್ಟು ಡಿಗ್ರಿ ಇಳಿಯುತ್ತದೆಂದು ಅಳೆಯಲು ಸೆನ್ಸರ್ ತರಿಸಿದ್ದೇನೆ. ಇದು ಭಾಗ 5.

ಮತ್ತೆ ಪ್ಯಾನೆಲ್‌ಗೆ ಬರೋಣ. ಮಾಲು ಬಂದ ದಿನ ಹುಡುಗರು ಹಗ್ಗ ಕಟ್ಟಿ ಮೇಲೆತ್ತಲು ಸಿದ್ಧರಿದ್ದರು. ಹತ್ತು ನಿಮಿಷ ಕೇಳಿಕೊಂಡೆ. ಆರೂ ಪ್ಯಾನೆಲ್‌ಗಳ ಸರಣಿ ಸಂಖ್ಯೆಯನ್ನು ಮೊಬೈಲಿನಲ್ಲಿ ಹಿಡಿದು, ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಡಿಸಿಆರ್ ಪೋರ್ಟಲ್‌ನಲ್ಲಿ ಒಂದೊಂದಾಗಿ ಹಾಕಿದೆ. ಐದು ಸಿಕ್ಕವು. ಒಂದು ಸಿಗಲಿಲ್ಲ. ಎದೆ ಧಸಕ್ಕೆಂದಿತು. ಸಾಗಿಸುವಾಗ ಸ್ಟಿಕ್ಕರಿನ ಒಂದು ಅಂಕಿ ಉಜ್ಜಿಹೋಗಿತ್ತು. ಫ್ರೇಮಿನ ಬದಿಯ ಬಾರ್‌ಕೋಡ್ ನೋಡಿ 8 ಎಂದು ಹಾಕಿದಾಗ ಅದೂ ಸಿಕ್ಕಿತು. "ಆಯ್ತಾ ಸಾರ್?" ಎಂದರು. "ಎತ್ತಿ!" ಎಂದೆ.

ಈಗ ಆರೂ ದಕ್ಷಿಣಕ್ಕೆ ಮುಖ ಮಾಡಿ ಕೂತಿವೆ. ನೆಟ್ ಮೀಟರ್ ಟೆಸ್ಟಿಂಗ್‌ಗೆ ಹೋಗಿದೆ, ಅದು ಬರುವವರೆಗೂ ಇನ್ವರ್ಟರ್ ಆಫ್. ಶನಿವಾರ ಅಳತೆಪಟ್ಟಿ ಹಿಡಿದು ಬಚ್ಚಲಿಗೆ ಇಳಿಯುತ್ತೇನೆ. ಹಂಡೆಗೆ ಸುತ್ತಲು ಗ್ಲಾಸ್‌ವುಲ್ ಸರಿಯೋ ನೈಟ್ರೈಲ್ ಹಾಳೆ ಸರಿಯೋ, ಬಳಸಿದವರಿದ್ದರೆ ತಿಳಿಸಿ.